ವಿಮೆಯ ಚೀಟಿಯೂ ವೈದ್ಯರ ಪಟ್ಟಿಯೂ

ದೇವರು ವರ ಕೊಟ್ಟರೂ ಪೂಜಾರಿ ವರ ಕೊಡನೆಂಬುದು ನಮ್ಮ ಕಡೆಯ ಹಳೆಯ ಗಾದೆ. ಈ ಕಾಲದ ಆರೋಗ್ಯವಿಮೆಯ ವ್ಯವಹಾರವನ್ನು ನೋಡಿದಾಗಲೆಲ್ಲ ನನಗೆ ಈ ಗಾದೆ ನೆನಪಿಗೆ ಬರುತ್ತದೆ. ಸರ್ಕಾರವೋ ಕಂಪನಿಯೋ ಐದು ಲಕ್ಷ ರೂಪಾಯಿಯ ವರವನ್ನು ಚೀಟಿಯ ಮೇಲೆ ಅಚ್ಚು ಹಾಕಿಸಿ ಕೊಡುತ್ತದೆ. ಅದನ್ನು ಜೋಪಾನವಾಗಿ ಬೀರುವಿನಲ್ಲಿಟ್ಟು, ಕಾಯಿಲೆ ಬಂದ ದಿನ ಹೊರತೆಗೆದು, ಆಸ್ಪತ್ರೆಯ ಕೌಂಟರಿನಲ್ಲಿ ನೀಡಿದರೆ, ಅಲ್ಲಿ ಕುಳಿತವರು “ಈ ಕಾರ್ಡು ನಮ್ಮಲ್ಲಿ ನಡೆಯುವುದಿಲ್ಲ” ಎಂದು ಹಿಂದಕ್ಕೆ ತಳ್ಳುತ್ತಾರೆ. ವರ ಸುಳ್ಳಲ್ಲ, ಚೀಟಿಯೂ ನಕಲಿಯಲ್ಲ. ಆ ಆಸ್ಪತ್ರೆಯ ಹೆಸರು ಪಟ್ಟಿಯಲ್ಲಿಲ್ಲ, ಅಷ್ಟೇ.

ವಿಮೆಯನ್ನು ಕುರಿತು ಮಾತನಾಡುವಾಗ ನಾವೆಲ್ಲರೂ ಮೊತ್ತದ ಮಾತನ್ನೇ ಆಡುತ್ತೇವೆ. ಎರಡು ಲಕ್ಷವೇ, ಐದು ಲಕ್ಷವೇ, ಹತ್ತು ಲಕ್ಷವೇ? ಆ ಮೊತ್ತ ಎಲ್ಲಿ, ಯಾವ ವೈದ್ಯರ ಬಳಿ, ಮನೆಯಿಂದ ಎಷ್ಟು ದೂರದಲ್ಲಿ ಸಲ್ಲುತ್ತದೆಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ. ವಿಮೆಯ ನಿಜವಾದ ಬೆಲೆ ಇರುವುದು ಅದರ ಹಿಂದಿರುವ ಆಸ್ಪತ್ರೆಗಳ ಮತ್ತು ವೈದ್ಯರ ಪಟ್ಟಿಯಲ್ಲಿ. ಆ ಪಟ್ಟಿ ಕುಗ್ಗಿದರೆ ವಿಮೆಯೇ ಕುಗ್ಗಿದಂತೆ. ಹಾಗೆ ಕುಗ್ಗಿದಾಗ ಮೊದಲ ಪೆಟ್ಟು ಬೀಳುವುದು ವಯಸ್ಸಾದವರ ಮೇಲೆ. ಈ ಮೂರು ಮಾತುಗಳನ್ನು ನನ್ನ ಸಹಪಾಠಿಗಳ ಮತ್ತು ಅಧ್ಯಾಪಕರ ಮುಂದಿಡುವುದಕ್ಕಾಗಿ ಈ ಲೇಖನ.

ಈ ಪಟ್ಟಿ ಎಂಬುದು ಹುಟ್ಟಿದ್ದು ಹೇಗೆ? ನಮ್ಮ ದೇಶದಲ್ಲಿ 1986ರಲ್ಲಿ ಸರ್ಕಾರಿ ಒಡೆತನದ ಸಾಮಾನ್ಯ ವಿಮಾ ಸಂಸ್ಥೆಗಳು ಮೆಡಿಕ್ಲೇಮ್ ಎಂಬ ವಿಮೆಯನ್ನು ಆರಂಭಿಸಿದವು. ಆಗಿನ ಕ್ರಮ ಸರಳವಾಗಿತ್ತು. ರೋಗಿಯು ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು, ತಾನೇ ಹಣ ಕಟ್ಟಿ, ಆ ಬಳಿಕ ರಸೀತಿಗಳನ್ನು ಒಪ್ಪಿಸಿ ವಿಮೆಯವರಿಂದ ಹಣ ಪಡೆಯಬೇಕಾಗಿತ್ತು. ಕೈಯಲ್ಲಿ ಕಾಸಿದ್ದವನಿಗೆ ಮಾತ್ರ ಒದಗುವ ಅನುಕೂಲವಿದು. 2001ರಲ್ಲಿ ಟಿ.ಪಿ.ಎ. ಎಂಬ ಮಧ್ಯವರ್ತಿ ಸಂಸ್ಥೆಗಳಿಗೆ ನಿಯಮಗಳು ಬಂದ ಮೇಲೆ ಕ್ಯಾಶ್‌ಲೆಸ್ ಚಿಕಿತ್ಸೆ ಬೆಳೆಯಿತು. ರೋಗಿ ಹಣ ಕಟ್ಟಬೇಕಾದದ್ದಿಲ್ಲ. ಆಸ್ಪತ್ರೆಗೆ ವಿಮೆಯವರೇ ನೇರವಾಗಿ ಕೊಡುತ್ತಾರೆ. ಇದು ದೊಡ್ಡ ಉಪಕಾರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ನೇರವಾಗಿ ಕೊಡಬೇಕಾದರೆ ಮುಂಚಿತವಾಗಿ ಕರಾರು ಬೇಕು, ದರ ನಿಶ್ಚಯವಾಗಬೇಕು. ಕರಾರು ಮಾಡಿಕೊಂಡ ಆಸ್ಪತ್ರೆಗಳೇ ಪಟ್ಟಿಯ ಆಸ್ಪತ್ರೆಗಳು. ಹೀಗೆ ಕ್ಯಾಶ್‌ಲೆಸ್ಸೂ ಪಟ್ಟಿಯೂ ಅವಳಿ ಮಕ್ಕಳಂತೆ ಒಟ್ಟಿಗೆ ಬೆಳೆದವು.

ಬೆಳೆಯುವ ಪಟ್ಟಿ ಕುಗ್ಗಬಹುದೆಂಬುದು ಬಹುಜನರಿಗೆ ತಿಳಿದದ್ದು 2010ರಲ್ಲಿ. ಆ ವರ್ಷ ಜುಲೈ 1ರಿಂದ ನಾಲ್ಕು ಸರ್ಕಾರಿ ವಿಮಾ ಸಂಸ್ಥೆಗಳು ದೆಹಲಿ, ಮುಂಬಯಿ, ಚೆನ್ನೈ ಮತ್ತು ಬೆಂಗಳೂರು ನಗರಗಳಲ್ಲಿ ಕ್ಯಾಶ್‌ಲೆಸ್ ಸೌಕರ್ಯವನ್ನು ತಾವು ಆರಿಸಿದ ಕೆಲವು ಆಸ್ಪತ್ರೆಗಳಿಗೆ ಮಾತ್ರ ಸೀಮಿತಗೊಳಿಸಿದವು. ಆಸ್ಪತ್ರೆಗಳು ವಿಮೆಯುಳ್ಳ ರೋಗಿಗೆ ಹೆಚ್ಚು ಬಿಲ್ ಮಾಡುತ್ತಿವೆ ಎಂಬುದು ಅವುಗಳ ದೂರು. ಆ ದೂರಿನಲ್ಲಿ ಸತ್ಯವಿದ್ದಿರಬಹುದು. ಆದರೆ ಹಿಂದಿನ ದಿನದವರೆಗೆ ಚೀಟಿ ನಡೆಯುತ್ತಿದ್ದ ಅನೇಕ ಆಸ್ಪತ್ರೆಗಳಲ್ಲಿ ಮರುದಿನದಿಂದ ನಡೆಯಲಿಲ್ಲ. ವಿಮೆಯ ಕಂತನ್ನು ಆ ವರ್ಷಕ್ಕೆ ಮೊದಲೇ ಕಟ್ಟಿದ್ದವರು ಏನನ್ನು ಕೊಂಡಿದ್ದರೋ ಅದು ಅವರ ಕೈಯಲ್ಲಿ ಉಳಿಯಲಿಲ್ಲ.

ಇನ್ನು ಸರ್ಕಾರದ ಯೋಜನೆಗಳ ಕಡೆಗೆ ಬರೋಣ. ನಮ್ಮ ತಾಲ್ಲೂಕುಗಳ ಹಳ್ಳಿಗಳಲ್ಲಿ ಹಿರಿಯರಿಗೆ ಪರಿಚಿತವಾದ ಮೊದಲ ಆರೋಗ್ಯವಿಮೆ ಯಶಸ್ವಿನಿ. ಅದು ಡೈರಿಯ ಮೂಲಕ, ಸಹಕಾರ ಸಂಘದ ಮೂಲಕ ಮನೆಗೆ ಬಂದದ್ದು. 2002ರಲ್ಲಿ ಉದ್ಘಾಟನೆಯಾಗಿ 2003ರ ಜೂನ್ ತಿಂಗಳಿನಲ್ಲಿ ಜಾರಿಗೆ ಬಂದಾಗ ಒಬ್ಬ ಸದಸ್ಯ ಕಟ್ಟಬೇಕಾಗಿದ್ದದ್ದು ತಿಂಗಳಿಗೆ 5 ರೂಪಾಯಿ. ಮೊದಲ ವರ್ಷವೇ ನಾಡಿನಲ್ಲಿ ಸುಮಾರು 16 ಲಕ್ಷ ಮಂದಿ ಸೇರಿದರೆಂಬುದು ಸಾಮಾನ್ಯ ಸಂಗತಿಯಲ್ಲ. ಹಾಲು ಹಾಕುವ ರೈತನೂ ವಿಮೆಯ ಮಾತನ್ನು ಆಡತೊಡಗಿದ. ಆದರೆ 2018ರಲ್ಲಿ ಯಶಸ್ವಿನಿಯನ್ನು ಆರೋಗ್ಯ ಕರ್ನಾಟಕದಲ್ಲಿ ವಿಲೀನಗೊಳಿಸಿದರು. ಮತ್ತೆ 2022ರ ಕೊನೆಯಲ್ಲಿ ನೋಂದಣಿ ಆರಂಭಿಸಿ 2023ರ ಜನವರಿಯಿಂದ ಅದನ್ನು ಜಾರಿಗೆ ತಂದರು. ನಡುವಣ ವರ್ಷಗಳಲ್ಲಿ ಹಳ್ಳಿಯ ಮುದುಕನಿಗೆ ರೂಢಿಯಾಗಿದ್ದ ಆಸ್ಪತ್ರೆಯ ದಾರಿ ಒಮ್ಮೆ ಮುಚ್ಚಿ ಒಮ್ಮೆ ತೆರೆಯಿತು. ತೆರೆದಾಗ ಹಳೆಯ ಆಸ್ಪತ್ರೆಯೇ ಅಲ್ಲಿದೆಯೋ ಇಲ್ಲವೋ ಎಂದು ಪುನಃ ವಿಚಾರಿಸಬೇಕಾಯಿತು.

2018ರ ಅಕ್ಟೋಬರಿನಲ್ಲಿ ಕೇಂದ್ರದ ಆಯುಷ್ಮಾನ್ ಭಾರತವೂ ನಮ್ಮ ಆರೋಗ್ಯ ಕರ್ನಾಟಕವೂ ಒಂದಾದವು. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ, ಎ.ಪಿ.ಎಲ್. ಕುಟುಂಬಕ್ಕೆ ನಿಗದಿಯಾದ ದರದಲ್ಲಿ ನೂರಕ್ಕೆ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ಯೋಜನೆ ರೂಪುಗೊಂಡಾಗ 1,650 ಬಗೆಯ ಚಿಕಿತ್ಸೆಗಳನ್ನು ವಿಂಗಡಿಸಿದರು. ಅವುಗಳಲ್ಲಿ 169 ತುರ್ತು ಚಿಕಿತ್ಸೆಗಳಿಗೆ ಮಾತ್ರ ರೋಗಿಯು ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಬಹುದು. ಉಳಿದವುಗಳಿಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆ ಚಿಕಿತ್ಸೆ ಇಲ್ಲವೆಂದಾದರೆ ರೆಫರಲ್ ಪತ್ರ ಬರೆಯಿಸಿಕೊಂಡು ಮುಂದೆ ಹೋಗಬೇಕು. ಈ ನಿಯಮದ ಉದ್ದೇಶ ಕೆಟ್ಟದ್ದಲ್ಲ. ಸರ್ಕಾರಿ ಆಸ್ಪತ್ರೆಯನ್ನು ಬಿಟ್ಟು ಎಲ್ಲರೂ ಖಾಸಗಿಯ ಕಡೆಗೆ ಓಡಿದರೆ ಬೊಕ್ಕಸ ತಡೆಯಲಾರದು, ಸರ್ಕಾರಿ ಆಸ್ಪತ್ರೆ ಬೆಳೆಯಲಾರದು. ಆದರೂ ಎಪ್ಪತ್ತು ದಾಟಿದವನಿಗೆ ಒಂದು ಪತ್ರವೆಂದರೆ ಒಂದು ದಿನ, ಒಂದು ದಿನವೆಂದರೆ ಎರಡು ಬಸ್ಸು, ಜೊತೆಗೆ ಕೂಲಿ ಬಿಟ್ಟು ಬರುವ ಒಬ್ಬ ಮಗ. 2024ರ ಅಕ್ಟೋಬರ್ 29ರಂದು ಕೇಂದ್ರ ಸರ್ಕಾರವು ಎಪ್ಪತ್ತು ತುಂಬಿದ ಎಲ್ಲರಿಗೂ, ಆದಾಯವೆಷ್ಟೇ ಇರಲಿ, ವಯ ವಂದನ ಎಂಬ ಹೆಸರಿನಲ್ಲಿ 5 ಲಕ್ಷದ ರಕ್ಷಣೆಯನ್ನು ಘೋಷಿಸಿತು. ಹಿರಿಯರನ್ನು ನೆನೆದದ್ದು ಸಂತೋಷದ ವಿಷಯವೇ. ಆದರೆ ಯಾವ ಯೋಜನೆಯೇ ಆಗಲಿ, ಹೆಸರು ಎಷ್ಟೇ ಚಂದವಿರಲಿ, ಅದನ್ನು ಒಪ್ಪುವ ಆಸ್ಪತ್ರೆ ಎಲ್ಲಿದೆಯೆಂಬ ಪ್ರಶ್ನೆಯಿಂದ ಅದು ತಪ್ಪಿಸಿಕೊಳ್ಳಲಾರದು.

ನಮ್ಮ ಜಿಲ್ಲೆಯ ಭೂಗೋಳವನ್ನು ಒಮ್ಮೆ ನೋಡಬೇಕು. 2007ರಲ್ಲಿ ರಾಮನಗರ ಜಿಲ್ಲೆ ಹುಟ್ಟಿತು. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಜಿಲ್ಲೆಯೆಂದು ಹೆಸರಾಯಿತು. ಹೆಸರಿನಲ್ಲಿ ಬೆಂಗಳೂರು ಹತ್ತಿರ ಬಂದಿತೇ ಹೊರತು ಬಸ್ಸಿನ ದಾರಿಯಲ್ಲಿ ಬರಲಿಲ್ಲ. ರಾಮನಗರಕ್ಕೂ ಚನ್ನಪಟ್ಟಣಕ್ಕೂ ರೈಲುಂಟು, ಹೆದ್ದಾರಿಯುಂಟು. ಮಾಗಡಿಗೂ ಕನಕಪುರಕ್ಕೂ ರೈಲಿಲ್ಲ. ಸಾವನದುರ್ಗದ ತಪ್ಪಲಿನ ಹಳ್ಳಿಯವನಾಗಲಿ, ಸಂಗಮದ ಕಡೆಯ ಕಾಡಂಚಿನ ಹಳ್ಳಿಯವನಾಗಲಿ, ಮೊದಲು ತಾಲ್ಲೂಕಿನ ಪಟ್ಟಣಕ್ಕೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಐವತ್ತು ಅರವತ್ತು ಕಿಲೋಮೀಟರ್ ಹೋಗಬೇಕು. ಬೆಂಗಳೂರಿನ ಬಸ್ ನಿಲ್ದಾಣದಲ್ಲಿ ಇಳಿದ ಮೇಲೆ ಆಸ್ಪತ್ರೆಗೆ ಮತ್ತೊಂದು ಬಸ್ಸು. ಕಂಪನಿಯ ಲೆಕ್ಕದಲ್ಲಿ “ಬೆಂಗಳೂರು ಮತ್ತು ಸುತ್ತಮುತ್ತ” ಎಂದು ನೂರಾರು ಆಸ್ಪತ್ರೆಗಳ ಹೆಸರು ಒಂದೇ ಪುಟದಲ್ಲಿ ಇರಬಹುದು. ಚನ್ನಪಟ್ಟಣದಲ್ಲಿ ಅರಗಿನ ಬಣ್ಣ ಹಚ್ಚಿ ಆಯುಷ್ಯ ಕಳೆದ ಮುದುಕನಿಗೆ, ರಾಮನಗರದಲ್ಲಿ ರೇಷ್ಮೆಗೂಡಿನ ಬಿಸಿನೀರಿನ ಹಬೆ ಕುಡಿದು ಉಬ್ಬಸ ತರಿಸಿಕೊಂಡ ಮುದುಕಿಗೆ, ಆ ನೂರಾರರಲ್ಲಿ ನಡೆದು ತಲುಪಬಹುದಾದದ್ದು ಎಷ್ಟು ಎಂಬುದೊಂದೇ ಲೆಕ್ಕ.

ಯುವಕರಿಗೂ ಪಟ್ಟಿ ಕುಗ್ಗುತ್ತದಲ್ಲ, ಮುದುಕರದೇನು ವಿಶೇಷ ಎಂದು ಕೆಲವರು ಕೇಳಬಹುದು. ವಿಶೇಷ ಇಷ್ಟು. ನನ್ನ ವಯಸ್ಸಿನವರಿಗೆ ಬರುವ ಕಾಯಿಲೆ ಬಂದು ಹೋಗುವ ನೆಂಟನ ಹಾಗೆ; ಯಾವ ವೈದ್ಯರು ನೋಡಿದರೂ ನಡೆದೀತು. ಎಪ್ಪತ್ತರ ನಂತರ ಬರುವ ಕಾಯಿಲೆಗಳು ಮನೆಯಲ್ಲೇ ನಿಂತುಬಿಡುವ ನೆಂಟರು. ಶುಗರ್, ಬಿ.ಪಿ., ಹೃದಯ, ಮೂತ್ರಪಿಂಡ, ಕೀಲು ನೋವು ಇವು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಒಂದಕ್ಕೆ ಕೊಟ್ಟ ಮಾತ್ರೆ ಇನ್ನೊಂದಕ್ಕೆ ಆಗದಿರಬಹುದು. ಇದನ್ನೆಲ್ಲ ಹತ್ತು ವರ್ಷ ನೋಡಿದ ವೈದ್ಯರ ತಲೆಯಲ್ಲಿರುವ ತಿಳಿವಳಿಕೆಯು ಯಾವ ಕಡತದಲ್ಲೂ ಪೂರ್ತಿಯಾಗಿ ಬರೆದಿರುವುದಿಲ್ಲ. ಪಟ್ಟಿಯಿಂದ ಒಂದು ಹೆಸರು ಹೋಯಿತೆಂದರೆ ಆ ತಿಳಿವಳಿಕೆಯೂ ಹೋಯಿತು. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ನೂರು ಜನರಲ್ಲಿ 9ಕ್ಕಿಂತ ಹೆಚ್ಚು ಮಂದಿ ಅರವತ್ತು ದಾಟಿದವರಿದ್ದರು. ಅಂದಿನಿಂದ ಈ ಪಾಲು ಏರುತ್ತಲೇ ಇದೆ. ಆದುದರಿಂದ ಇದು ಕೆಲವರ ಕಷ್ಟವಲ್ಲ.

ನಮ್ಮ ಮನೆಯ ಒಂದು ಸಂಗತಿಯನ್ನು ಇಲ್ಲಿ ಹೇಳುತ್ತೇನೆ. ನಮ್ಮ ಅಪ್ಪ ಕಾರ್ಖಾನೆಯೊಂದರಲ್ಲಿ ಕೆಲಸದಲ್ಲಿದ್ದಾರೆ. ಅವರ ಸಂಬಳ ಇ.ಎಸ್.ಐ. ಮಿತಿಯನ್ನು ದಾಟಿದ ಮೇಲೆ ಕಾರ್ಖಾನೆಯವರು ಗುಂಪುವಿಮೆಗೆ ಸೇರಿಸಿದರು. ಅದರಲ್ಲಿ ತಂದೆತಾಯಿಗಳಿಗೂ ರಕ್ಷಣೆಯುಂಟು. ತಾತನಿಗೆ ಎಪ್ಪತ್ತನಾಲ್ಕು, ಹನ್ನೊಂದು ವರ್ಷದಿಂದ ಶುಗರ್. ನಮ್ಮ ತಾಲ್ಲೂಕಿನ ಹತ್ತು ಹಾಸಿಗೆಯ ಒಂದು ನರ್ಸಿಂಗ್ ಹೋಮಿನ ಡಾಕ್ಟರು ಮೊದಲಿನಿಂದಲೂ ಅವರನ್ನು ನೋಡುತ್ತಿದ್ದರು. ಎರಡು ವರ್ಷದ ಕೆಳಗೆ ಕಾರ್ಖಾನೆಯವರು ವಿಮಾ ಕಂಪನಿಯನ್ನು ಬದಲಾಯಿಸಿದರು. ಹೊಸ ಕಾರ್ಡು ಬಂದಿತು, ಮೊತ್ತ ಒಂದು ಲಕ್ಷ ಹೆಚ್ಚಾಗಿತ್ತು, ಮನೆಯವರೆಲ್ಲ ಸಂತೋಷಪಟ್ಟೆವು. ಆರು ತಿಂಗಳಿಗೆ ತಾತನ ಕಾಲಿನ ಹೆಬ್ಬೆರಳಿನಲ್ಲಿ ಗಾಯವಾಗಿ ಕೀವು ತುಂಬಿ, ಆಸ್ಪತ್ರೆಗೆ ಸೇರಿಸಬೇಕಾಯಿತು. ಆಗ ತಿಳಿಯಿತು, ಆ ನರ್ಸಿಂಗ್ ಹೋಮು ಹೊಸ ಪಟ್ಟಿಯಲ್ಲಿಲ್ಲವೆಂದು. ಪಟ್ಟಿಯಲ್ಲಿ ನಮ್ಮ ತಾಲ್ಲೂಕಿನ ಹೆಸರಿನ ಕೆಳಗೆ ಒಂದು ಆಸ್ಪತ್ರೆಯೂ ಇರಲಿಲ್ಲ. ಮನೆಯಲ್ಲಿ ಇಂಗ್ಲಿಷ್ ಓದಬಲ್ಲವಳು ನಾನೊಬ್ಬಳೇ ಆದ್ದರಿಂದ ಆ ಪಟ್ಟಿಯನ್ನು ಫೋನಿನಲ್ಲಿ ಹುಡುಕಿ ಓದಿದವಳೂ ನಾನೇ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಒಳ್ಳೆಯ ಚಿಕಿತ್ಸೆಯೇ ಆಯಿತು. ಅದನ್ನು ಮರೆಮಾಚುವುದು ಸರಿಯಲ್ಲ. ಪರೀಕ್ಷೆಗಳನ್ನೆಲ್ಲ ಹೊಸದಾಗಿ ಮಾಡಿಸಿದರು. ಐದು ದಿನದ ಮೇಲೆ ಮನೆಗೆ ಕಳುಹಿಸಿ, ದಿನ ಬಿಟ್ಟು ದಿನ ಬಂದು ಗಾಯಕ್ಕೆ ಕಟ್ಟು ಹಾಕಿಸಿಕೊಳ್ಳಬೇಕೆಂದರು. ಮೂರು ಸಲ ನಾನೇ ಕರೆದುಕೊಂಡು ಹೋದೆ. ಶಕ್ತಿ ಯೋಜನೆಯಿಂದ ನನಗೆ ಬಸ್ಸಿನಲ್ಲಿ ಟಿಕೀಟಿಲ್ಲ; ಕಾಲು ನೋಯುವ ತಾತನಿಗೆ ಟಿಕೀಟು. ನಾಲ್ಕನೆಯ ಸಲ ತಾತ ಜಗಲಿಯಿಂದ ಏಳಲಿಲ್ಲ. “ಬುಡವ್ವ, ಒಂದು ಬೆಳ್ಳಿಗೋಸ್ಕರ ಬೆಂಗ್ಳೂರಿಗೆ ಎಷ್ಟು ದಪ ಹೋಗೋದು” ಎಂದರು. ಮೂರು ವಾರದ ಮೇಲೆ ಆ ಬೆರಳನ್ನು ತೆಗೆಯಬೇಕಾಯಿತು. ಪಟ್ಟಿಯ ದೆಸೆಯಿಂದಲೇ ಬೆರಳು ಹೋಯಿತೆಂದು ನಾನು ಹೇಳಲಾರೆ. ಶುಗರ್ ಗಾಯದ ಗತಿಯನ್ನು ಬಲ್ಲವರು ಯಾರೂ ಹಾಗೆ ಖಚಿತವಾಗಿ ಹೇಳಲಾರರು. ಆದರೆ ಹತ್ತಿರದ ಡಾಕ್ಟರಲ್ಲಿಗೆ ದಿನ ಬಿಟ್ಟು ದಿನ ಹೋಗಲು ತಾತ ಬೇಸರಪಡುತ್ತಿರಲಿಲ್ಲವೆಂಬುದನ್ನು ಮಾತ್ರ ಬಲ್ಲೆ. ಪಟ್ಟಿ ಕುಗ್ಗಿದಾಗ ಮುದುಕರು ಜಗಳವಾಡುವುದಿಲ್ಲ, ಅರ್ಜಿ ಬರೆಯುವುದಿಲ್ಲ. ಸುಮ್ಮನೆ ಹೋಗುವುದನ್ನು ನಿಲ್ಲಿಸುತ್ತಾರೆ. ಕಂಪನಿಯ ಲೆಕ್ಕದಲ್ಲಿ ಅದು ದೂರೆಂದು ಕಾಣುವುದೂ ಇಲ್ಲ, ಉಳಿತಾಯವೆಂದು ಕಾಣುತ್ತದೆ.

ಹಾಗೆಂದು ಎಲ್ಲ ತಪ್ಪನ್ನೂ ಒಬ್ಬರ ತಲೆಗೆ ಕಟ್ಟುವುದು ನ್ಯಾಯವಲ್ಲ. ಆಸ್ಪತ್ರೆಗಳ ಮಾತನ್ನೂ ಕೇಳಬೇಕು. ನಿಗದಿಯಾದ ದರ ಕಡಿಮೆ, ಅದು ಬರುವುದೂ ತಡ ಎಂಬುದು ಅವರ ಬಹುಕಾಲದ ಅಳಲು. 2025ರ ಆಗಸ್ಟ್ ತಿಂಗಳಿನಲ್ಲಿ ಹರಿಯಾಣದ ನೂರಾರು ಖಾಸಗಿ ಆಸ್ಪತ್ರೆಗಳು ಬಾಕಿ ಹಣ ಬಂದಿಲ್ಲವೆಂದು ಆಯುಷ್ಮಾನ್ ಚಿಕಿತ್ಸೆಯನ್ನು ಕೆಲವು ವಾರ ನಿಲ್ಲಿಸಿದವು. ಅದೇ ತಿಂಗಳ ಕೊನೆಯಲ್ಲಿ ಆಸ್ಪತ್ರೆಗಳ ಒಂದು ಸಂಘವು ದರದ ವಿವಾದದಿಂದಾಗಿ ಉತ್ತರ ಭಾರತದಲ್ಲಿ ಬಜಾಜ್ ಅಲಯನ್ಸ್ ಕಂಪನಿಯ ಕ್ಯಾಶ್‌ಲೆಸ್ಸನ್ನು ಸೆಪ್ಟೆಂಬರ್ 1ರಿಂದ ನಿಲ್ಲಿಸುವಂತೆ ತನ್ನ ಸದಸ್ಯರಿಗೆ ತಿಳಿಸಿತು. ಬಳಿಕ ಮಾತುಕತೆಯಾಗಿ ವಿವಾದ ತಣ್ಣಗಾಯಿತು. ಹತ್ತು ಹಾಸಿಗೆಯ ನರ್ಸಿಂಗ್ ಹೋಮಿನವರಿಗೆ ನರ್ಸುಗಳ ಸಂಬಳ ತಿಂಗಳಿಗೊಮ್ಮೆ ಕೊಡಲೇಬೇಕು. ವಿಮೆಯ ಹಣ ತಿಂಗಳುಗಟ್ಟಲೆ ಬಾರದಿದ್ದರೆ ಅವರು ಪಟ್ಟಿಯಲ್ಲಿ ಉಳಿಯುವುದು ಹೇಗೆ? ಅತ್ತ ವಿಮೆಯವರು ಹೇಳುವುದೂ ಪೂರ್ತಿ ಸುಳ್ಳಲ್ಲ. ಬೇಡದ ಪರೀಕ್ಷೆ, ಬೇಡದ ಹಾಸಿಗೆ, ಉಬ್ಬಿಸಿದ ಬಿಲ್ ಇವುಗಳಿಗೆ ಕಡಿವಾಣವಿಲ್ಲದಿದ್ದರೆ ಎಲ್ಲರ ಕಂತೂ ಏರುತ್ತದೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಕೋಣಗಳೆರಡು ಹೋರಿದರೆ ಗಿಡಕ್ಕೆ ಮೃತ್ಯು. ಆ ಜಗಳದಲ್ಲಿ ಸಹಿ ಹಾಕದವನು, ಕಂತು ಮಾತ್ರ ಕಟ್ಟಿದವನು, ರೋಗಿ.

ಇದು ನಮ್ಮ ದೇಶಕ್ಕೆ ಮಾತ್ರ ಅಂಟಿದ ವ್ಯಾಧಿಯಲ್ಲ. ಅಮೆರಿಕದಲ್ಲಿ ಅರವತ್ತೈದು ದಾಟಿದವರಿಗಾಗಿ 1965ರಲ್ಲಿ ಮೆಡಿಕೇರ್ ಎಂಬ ಸರ್ಕಾರಿ ವ್ಯವಸ್ಥೆಯ ಕಾನೂನಾಯಿತು. ಅದರ ಮೂಲರೂಪದಲ್ಲಿ ರೋಗಿಯು ಮೆಡಿಕೇರನ್ನು ಒಪ್ಪುವ ಯಾವ ವೈದ್ಯರ ಬಳಿಗಾದರೂ ಹೋಗಬಹುದು. ಮುಂದೆ ಖಾಸಗಿ ಕಂಪನಿಗಳು ನಡೆಸುವ ಮೆಡಿಕೇರ್ ಅಡ್ವಾಂಟೇಜ್ ಎಂಬ ಕವಲು ಬೆಳೆದು, 2023ರ ವೇಳೆಗೆ ಅರ್ಧಕ್ಕಿಂತ ಹೆಚ್ಚು ಮಂದಿ ಅದಕ್ಕೆ ಸೇರಿದ್ದರು. ಕಂತು ಕಡಿಮೆ, ಕಣ್ಣು ಹಲ್ಲುಗಳಿಗೂ ಸೌಕರ್ಯ. ಪ್ರತಿಯಾಗಿ ಪಟ್ಟಿಯ ವೈದ್ಯರೇ ಗತಿ. ಅಲ್ಲಿಯೂ ಆಸ್ಪತ್ರೆಗೂ ಕಂಪನಿಗೂ ಕರಾರು ಮುರಿದಾಗ ವಯಸ್ಸಾದವರು ವರ್ಷದ ನಡುವೆ ವೈದ್ಯರನ್ನು ಕಳೆದುಕೊಳ್ಳುತ್ತಾರೆ. ಅಷ್ಟು ಸಿರಿವಂತ ದೇಶದಲ್ಲೂ ಹೀಗಾಗುವುದಾದರೆ, ಹಣವೊಂದರಿಂದಲೇ ಇದಕ್ಕೆ ಮದ್ದಿಲ್ಲವೆಂಬುದು ಸ್ಪಷ್ಟ. ಕಟ್ಟುಪಾಡು ಬೇಕು.

ನಮ್ಮಲ್ಲಿ ಕಟ್ಟುಪಾಡುಗಳು ಬಂದಿಲ್ಲವೆಂದಲ್ಲ. 2024ರ ಏಪ್ರಿಲ್ 1ರಿಂದ, ಅರವತ್ತೈದು ದಾಟಿದವರಿಗೆ ಹೊಸದಾಗಿ ವಿಮೆ ಕೊಡುವುದಿಲ್ಲವೆನ್ನುವಂತಿಲ್ಲ ಎಂದು ವಿಮಾ ನಿಯಂತ್ರಣ ಪ್ರಾಧಿಕಾರ ನಿಯಮ ಮಾಡಿತು. ಅದೇ ವರ್ಷದ ಮೇ ತಿಂಗಳಿನಲ್ಲಿ ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯೊಳಗೆ, ಬಿಡುಗಡೆಯ ಒಪ್ಪಿಗೆಗೆ ಮೂರು ಗಂಟೆಯೊಳಗೆ ಉತ್ತರ ಕೊಡಬೇಕೆಂದು ವಿಧಿಸಿತು. 2025ರ ಜನವರಿಯಲ್ಲಿ, ಹಿರಿಯ ನಾಗರಿಕರ ಕಂತನ್ನು ವರ್ಷಕ್ಕೆ ನೂರಕ್ಕೆ 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಮೊದಲು ತನ್ನೊಡನೆ ಸಮಾಲೋಚಿಸಬೇಕೆಂದಿತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯವಿಮೆಯ ಮೇಲಿನ ನೂರಕ್ಕೆ 18ರ ಜಿ.ಎಸ್.ಟಿ. ರದ್ದಾಯಿತು. ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ಗಮನಿಸಿ: ವಯಸ್ಸು, ಕಂತು, ಸಮಯ, ತೆರಿಗೆ ಇವುಗಳಿಗೆ ಅಂಕೆ ಬಂದಿತು. ಪಟ್ಟಿಯ ಸ್ಥಿರತೆಗೆ ಇಷ್ಟೇ ಗಟ್ಟಿಯಾದ ಅಂಕೆ ಬರಲಿಲ್ಲ. 2024ರ ಜನವರಿಯಲ್ಲಿ ಸಾಮಾನ್ಯ ವಿಮಾ ಮಂಡಳಿಯವರು ಪಟ್ಟಿಯಲ್ಲಿಲ್ಲದ ಆಸ್ಪತ್ರೆಯಲ್ಲೂ ಕ್ಯಾಶ್‌ಲೆಸ್ ದೊರೆಯುವ ಏರ್ಪಾಡನ್ನು ಪ್ರಕಟಿಸಿದರು. ಮುಂಚಿತವಾಗಿ ಗೊತ್ತಾದ ಚಿಕಿತ್ಸೆಗೆ 48 ಗಂಟೆ ಮೊದಲು, ತುರ್ತಾದರೆ ಸೇರಿದ 48 ಗಂಟೆಯೊಳಗೆ ಕಂಪನಿಗೆ ತಿಳಿಸಬೇಕು. ಬಹುಜನರಿಗೆ ಇದು ತಿಳಿಯದು, ತಿಳಿದುಕೊಳ್ಳಬೇಕು. ಆದರೆ ಅದು 15 ಹಾಸಿಗೆಗಳಾದರೂ ಉಳ್ಳ ಆಸ್ಪತ್ರೆಗಳಿಗೆ ಅನ್ವಯ, ಆಸ್ಪತ್ರೆಯ ಒಪ್ಪಿಗೆಯೂ ಬೇಕು. ನಮ್ಮ ತಾಲ್ಲೂಕು ಪಟ್ಟಣಗಳ ಹತ್ತು ಹಾಸಿಗೆಯ ನರ್ಸಿಂಗ್ ಹೋಮುಗಳು ಆ ಬಲೆಯ ಕಣ್ಣಿನಿಂದ ಜಾರಿಹೋಗುತ್ತವೆ.

ಹಾಗಾದರೆ ಆಗಬೇಕಾದದ್ದೇನು? ನನ್ನ ಅಲ್ಪಮತಿಗೆ ತೋರಿದ ನಾಲ್ಕು ಸಲಹೆಗಳನ್ನು ವಿನಯಪೂರ್ವಕವಾಗಿ ಮುಂದಿಡುತ್ತೇನೆ.

ಮೊದಲನೆಯದಾಗಿ, ಪಟ್ಟಿಯು ಕರಾರಿನ ಭಾಗವಾಗಬೇಕು. ವರ್ಷದ ಕಂತು ಪಡೆದ ದಿನ ಯಾವ ಪಟ್ಟಿಯನ್ನು ತೋರಿಸಿದರೋ, ಆ ವರ್ಷ ಮುಗಿಯುವ ತನಕ ಅರವತ್ತು ದಾಟಿದ ರೋಗಿಗೆ ಆ ಪಟ್ಟಿ ಸಲ್ಲಬೇಕು. ನಡುವೆ ಕರಾರು ಮುರಿದರೂ, ಆಗಲೇ ಚಿಕಿತ್ಸೆಯಲ್ಲಿರುವವರಿಗೆ ಹಳೆಯ ದರದಲ್ಲೇ ಚಿಕಿತ್ಸೆ ಮುಂದುವರಿಯಬೇಕು. ಬಾಡಿಗೆಯ ಮನೆಯನ್ನು ಖಾಲಿ ಮಾಡಿಸುವುದಕ್ಕೂ ನೋಟೀಸು ಬೇಕಾದಾಗ, ಡಾಕ್ಟರನ್ನು ಖಾಲಿ ಮಾಡಿಸುವುದಕ್ಕೆ ಬೇಡವೇ?

ಎರಡನೆಯದಾಗಿ, ದೂರವನ್ನು ತಾಲ್ಲೂಕಿನ ಲೆಕ್ಕದಲ್ಲಿ ಅಳೆಯಬೇಕು. ಒಂದು ಊರಿನ ಜನರಿಂದ ಕಂತು ಪಡೆಯುವ ಯಾವ ಯೋಜನೆಯೇ ಆಗಲಿ, ಆ ತಾಲ್ಲೂಕಿನಲ್ಲಿ ಒಂದಾದರೂ ಆಸ್ಪತ್ರೆಯನ್ನು ಪಟ್ಟಿಯಲ್ಲಿ ಇಟ್ಟುಕೊಂಡಿರಬೇಕು. ಇಲ್ಲವಾದರೆ ಅದನ್ನು ಕಂತು ಪಡೆಯುವ ಮುನ್ನವೇ ದೊಡ್ಡ ಅಕ್ಷರಗಳಲ್ಲಿ ತಿಳಿಸಬೇಕು.

ಮೂರನೆಯದಾಗಿ, ಪಟ್ಟಿ ಕನ್ನಡದಲ್ಲಿರಬೇಕು, ಕಾಗದದ ಮೇಲಿರಬೇಕು. ಫೋನಿನ ಪರದೆಯ ಮೇಲೆ ಇಂಗ್ಲಿಷಿನಲ್ಲಿರುವ ಪಟ್ಟಿಯು ಎಪ್ಪತ್ತರ ಕಣ್ಣಿಗೆ ಇಲ್ಲದ ಪಟ್ಟಿಗೆ ಸಮ. ತಾಲ್ಲೂಕು ಆಸ್ಪತ್ರೆಯ ಗೋಡೆಯ ಮೇಲೆ, ಗ್ರಾಮ ಪಂಚಾಯಿತಿಯಲ್ಲಿ, ಹಾಲಿನ ಡೈರಿಯ ಬಾಗಿಲಲ್ಲಿ ಅದನ್ನು ಅಂಟಿಸುವುದಕ್ಕೆ ಏನು ಖರ್ಚು?

ನಾಲ್ಕನೆಯದು, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು. ಯಾವ ಜಗಳದಿಂದಲೂ ಯಾವ ಕಂಪನಿಯೂ ಪಟ್ಟಿಯಿಂದ ಹೊಡೆದುಹಾಕಲಾಗದ ಆಸ್ಪತ್ರೆ ಒಂದಿದೆ. ಅದು ಸರ್ಕಾರಿ ತಾಲ್ಲೂಕು ಆಸ್ಪತ್ರೆ. ಮಾಗಡಿಯಲ್ಲೂ ಕನಕಪುರದಲ್ಲೂ ಚನ್ನಪಟ್ಟಣದಲ್ಲೂ ಅದು ಇದೆ. ರಾಮನಗರದಲ್ಲಿ ಜಿಲ್ಲಾ ಆಸ್ಪತ್ರೆಯಿದೆ. ಹೃದಯಾಘಾತವಾದವರಿಗೆ ತಾಲ್ಲೂಕು ಆಸ್ಪತ್ರೆಗಳಲ್ಲಿಯೇ ಇ.ಸಿ.ಜಿ. ತೆಗೆದು, ದೂರದ ತಜ್ಞರಿಗೆ ತೋರಿಸಿ, ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯನ್ನು ನಮ್ಮ ರಾಜ್ಯ ಸರ್ಕಾರವೇ ಆರಂಭಿಸಿದೆ. ರೋಗಿಯನ್ನು ವೈದ್ಯರ ಬಳಿಗೆ ಓಡಿಸುವ ಬದಲು ವೈದ್ಯವನ್ನು ರೋಗಿಯ ಬಳಿಗೆ ತರುವ ಕ್ರಮವಿದು. ಹೃದಯಕ್ಕೆ ಸಾಧ್ಯವಾದದ್ದು ಶುಗರ್ ಗಾಯಕ್ಕೆ, ಕಣ್ಣಿನ ಪೊರೆಗೆ, ಮುರಿದ ತೊಡೆಯ ಮೂಳೆಗೆ ಏಕೆ ಸಾಧ್ಯವಾಗಬಾರದು? ಅಲ್ಲಿನ ಖಾಲಿ ಹುದ್ದೆಗಳು ತುಂಬಲಿ. ಮುದುಕರಿಗಾಗಿ ವಾರದಲ್ಲೊಂದು ದಿನ ಮೀಸಲಾಗಲಿ. ಒಬ್ಬರೇ ವೈದ್ಯರು ಕೆಲವು ವರ್ಷ ಅಲ್ಲೇ ನಿಲ್ಲುವಂತಾಗಲಿ. ಖಾಸಗಿ ಆಸ್ಪತ್ರೆ ಪಟ್ಟಿಯಿಂದ ಹೊರಗೆ ಹೋದ ದಿನ ಜನ ಕಂಗೆಡದಿರಲು ಇದಕ್ಕಿಂತ ಬೇರೆ ವಿಮೆ ಇಲ್ಲ.

ಇಷ್ಟೆಲ್ಲ ಕಟ್ಟುಪಾಡು ಹೇರಿದರೆ ಕಂತು ಏರುವುದಿಲ್ಲವೇ ಎಂಬುದು ನಮ್ಮ ಅರ್ಥಶಾಸ್ತ್ರದ ತರಗತಿಯಲ್ಲಿ ಸಹಜವಾಗಿ ಏಳುವ ಪ್ರಶ್ನೆ. ಸ್ವಲ್ಪ ಏರಬಹುದು. ಸಣ್ಣ ಪಟ್ಟಿಯ ವಿಮೆ ಅಗ್ಗ, ದೊಡ್ಡ ಪಟ್ಟಿಯದು ದುಬಾರಿ ಎಂಬುದು ವ್ಯಾಪಾರದ ನಿಯಮ. ಸಣ್ಣ ಪಟ್ಟಿಯನ್ನು ಸಣ್ಣದೆಂದು ಹೇಳಿ ಅಗ್ಗವಾಗಿ ಮಾರಿದರೆ ನನ್ನ ಆಕ್ಷೇಪವಿಲ್ಲ. ದೊಡ್ಡದೆಂದು ತೋರಿಸಿ ಮಾರಿ, ಮಾರಿದ ಮೇಲೆ ಸಣ್ಣದು ಮಾಡುವುದಕ್ಕೆ ಆಕ್ಷೇಪ. ಸಂತೆಯಲ್ಲಿ ಸೇರು ತೋರಿಸಿ ಪಾವು ಅಳೆದರೆ ಹಳ್ಳಿಯ ಹೆಂಗಸೂ ಸುಮ್ಮನಿರುವುದಿಲ್ಲ.

ಕೊನೆಯದಾಗಿ ನನ್ನ ಸಹಪಾಠಿಗಳಿಗೆ ಒಂದು ಮಾತು. ನಮ್ಮಲ್ಲಿ ಅನೇಕರು ಮನೆಗೆ ಮೊದಲ ಪದವೀಧರರು. ಮನೆಗೆ ಬರುವ ಪ್ರತಿಯೊಂದು ಕಾಗದವನ್ನೂ ಹಿರಿಯರು ನಮ್ಮ ಕೈಗೇ ಕೊಡುತ್ತಾರೆ. ಈ ವರ್ಷ ಆ ವಿಮೆಯ ಕಾಗದವನ್ನು ಕೇಳಿ ಪಡೆದು, ಮೊತ್ತದ ಸಾಲಿನ ಕೆಳಗಿರುವುದನ್ನೂ ಓದಿರಿ. ಹತ್ತಿರದ ಆಸ್ಪತ್ರೆ ಪಟ್ಟಿಯಲ್ಲಿದೆಯೇ ಎಂದು ಆಸ್ಪತ್ರೆಗೇ ಫೋನು ಮಾಡಿ ಕೇಳಿರಿ; ಕಂಪನಿಯ ಪಟ್ಟಿ ಹಳೆಯದಾಗಿರಬಹುದು. ಅನ್ಯಾಯವಾದರೆ ಮೊದಲು ಕಂಪನಿಗೆ ಬರವಣಿಗೆಯಲ್ಲಿ ದೂರು ಕೊಟ್ಟು, ಒಂದು ತಿಂಗಳಾದರೂ ಸರಿಯಾಗದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಬರೆಯಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಡ. ನಮ್ಮ ಎನ್.ಎಸ್.ಎಸ್. ಘಟಕವು ಪ್ರತಿ ವರ್ಷ ಏಳು ದಿನ ಹಳ್ಳಿಯಲ್ಲಿ ಶಿಬಿರ ಹೂಡುತ್ತದೆ. ರಸ್ತೆ ಗುಡಿಸಿ ಗಿಡ ನೆಡುವುದರ ಜೊತೆಗೆ, ಆ ಹಳ್ಳಿಯ ಹಿರಿಯರ ಕಾರ್ಡುಗಳು ಯಾವ ಆಸ್ಪತ್ರೆಯಲ್ಲಿ ನಡೆಯುತ್ತವೆಂದು ವಿಚಾರಿಸಿ, ಕನ್ನಡದಲ್ಲಿ ಬರೆದು, ಡೈರಿಯ ಗೋಡೆಗೆ ಅಂಟಿಸಿ ಬರುವ ಕೆಲಸವನ್ನು ಮುಂದಿನ ಶಿಬಿರದಲ್ಲಿ ಕೈಗೊಳ್ಳಬಹುದು. ನಮ್ಮ ಅಧ್ಯಾಪಕರು ಒಪ್ಪಿದರೆ ಮಾಗಡಿ ತಾಲ್ಲೂಕಿನ ಪಟ್ಟಿಯನ್ನು ಬರೆದುಕೊಡುವ ಹೊಣೆಯನ್ನು ನಾನು ಹೊರಲು ಸಿದ್ಧಳಿದ್ದೇನೆ. ಉಳಿದ ತಾಲ್ಲೂಕುಗಳಿಗೆ ಬೇರೆಯವರು ಮುಂದೆ ಬರಲಿ.